ಭೀಮನಕೊಳ್ಳದ ಏರು

ಆಗೆಲ್ಲ ಯುಗಾದಿ ಹತ್ತಿರ ಬಂತೆಂದರೆ ನಮ್ಮ ದೇವದುರ್ಗದ ಓಣಿಯಲ್ಲಿ ಅರ್ಧದಷ್ಟು ಚಪ್ಪಲಿಗಳು ಮನೆಯಲ್ಲೇ ಉಳಿಯುತ್ತಿದ್ದವು. ಜನ ಬರಿಗಾಲಲ್ಲಿ ಶ್ರೀಶೈಲಕ್ಕೆ ಹೊರಟಿರುತ್ತಿದ್ದರು. ರಾಯಚೂರು ದಾಟಿ, ತುಂಗಭದ್ರೆ ದಾಟಿ, ದಿನಗಟ್ಟಲೆ ಬಯಲಲ್ಲಿ ನಡೆದ ಮೇಲೆ ನಲ್ಲಮಲ ಬೆಟ್ಟಗಳು ಎದುರಾಗುತ್ತಿದ್ದವು. ಅಲ್ಲಿಂದ ಮುಂದೆ ರಸ್ತೆ ಇರಲಿಲ್ಲ. ಕಲ್ಲು, ಬಿದಿರು, ಮುಂದೆ ಹೋಗುವವರ ಬೆನ್ನು, ಇಷ್ಟೇ.

ನಾನು ಆ ದಾರಿಯಲ್ಲಿ ಒಮ್ಮೆ ಮಾತ್ರ ನಡೆದಿದ್ದೇನೆ. ನನಗಾಗ ಒಂಬತ್ತು ವರ್ಷ, ಅಕ್ಕ ಸರೋಜಾಗೆ ಹನ್ನೆರಡು. ಅಪ್ಪ ಬಸ್ ನಿಲ್ದಾಣದ ಬಳಿ ಸೈಕಲ್ ರಿಪೇರಿ ಮಾಡುತ್ತಿದ್ದ. ಅಕ್ಕನ ಹೃದಯದಲ್ಲಿ ಹುಟ್ಟಿನಿಂದಲೇ ರಂಧ್ರವಿತ್ತು. ಬೆಂಗಳೂರಿನಲ್ಲಿ ಆಪರೇಶನ್ನಿಗೆ ದಿನವೂ ಗೊತ್ತಾಗಿತ್ತು: ಯುಗಾದಿ ಕಳೆದ ಎರಡನೇ ವಾರ. ಅಪ್ಪ ಒಪ್ಪಿದ್ದ. ಆದರೆ ಅಕ್ಕ ತೊಟ್ಟಿಲಲ್ಲಿದ್ದಾಗ ಆತ ಒಂದು ಹರಕೆ ಹೊತ್ತಿದ್ದ: ಮಗಳು ಬದುಕಿದರೆ ಆಕೆಯ ಕಾಲ ಮೇಲೆಯೇ ಶ್ರೀಶೈಲದ ಮಲ್ಲಯ್ಯನ ಬೆಟ್ಟ ಹತ್ತಿಸುತ್ತೇನೆ ಎಂದು. ತೀರದ ಹರಕೆ ಮೈಮೇಲಿರುವಾಗ ಕತ್ತರಿ ಹಚ್ಚಿಸಬಾರದು ಎಂಬುದು ನಮ್ಮವರ ನಂಬಿಕೆ. ಹೀಗಾಗಿ ಮೊದಲು ಬೆಟ್ಟ, ಆಮೇಲೆ ಆಸ್ಪತ್ರೆ ಎಂದಾಯಿತು. ಡಾಕ್ಟರಿಗೆ ಇದನ್ನು ಯಾರೂ ತಿಳಿಸಲಿಲ್ಲ. ತಿಳಿಸುವ ವಿಷಯವೆಂದು ಯಾರಿಗೂ ಅನ್ನಿಸಲಿಲ್ಲ.

ಬಯಲನ್ನು ಬಸ್ಸಿನಲ್ಲಿ ದಾಟಿದೆವು. ಕಾಡಿನ ಮೊದಲ ದಿನ ಹೇಗೋ ಕಳೆಯಿತು. ನಾನು ಹೇಳುತ್ತಿರುವುದು ಎರಡನೇ ದಿನದ ಮಾತು.

ರಾತ್ರಿ ತಂಗಿದ್ದ ಪೆಚ್ಚೆರುವಿನಿಂದ ನಸುಕಿಗೆ ಹೊರಟೆವು. ನನ್ನ ಬೆನ್ನಿಗೆ ಶಾಲೆಯ ಪಾಟೀಚೀಲ, ಅದರಲ್ಲಿ ಅವ್ವ ಕಟ್ಟಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಬಿಸಿಲೇರಿದಂತೆ ಹಿಂಡಿಯ ಎಣ್ಣೆ ಒಸರಿ ಬೆನ್ನೆಲ್ಲ ಬೆಳ್ಳುಳ್ಳಿ ನಾರುತ್ತಿತ್ತು. ಸುಟ್ಟ ಹುಲ್ಲಿನ ವಾಸನೆ, ಒಣ ಬಿದಿರೆಲೆಯ ಸಪ್ಪಳ. ಬೆಟ್ಟದಲ್ಲಿ ದಣಿವಾಯಿತು ಎನ್ನುವಂತಿರಲಿಲ್ಲ. ಕೂರಬೇಕಾದವರು ‘ಮಲ್ಲಯ್ಯ ಕುಂದ್ರು ಅಂದ’ ಎನ್ನಬೇಕು. ಅಕ್ಕ ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಮೊಣಕಾಲನ್ನು ಎದೆಗವುಚಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು.

ನಮ್ಮ ಜೊತೆ ಮಾನ್ವಿಯ ಶಿವಮ್ಮ ಎಂಬ ಬಳೆಗಾರ್ತಿ ಇದ್ದಳು. ದಪ್ಪ ಹೆಂಗಸು, ಬಾಯಿ ಸುಮ್ಮನಿರುತ್ತಿರಲಿಲ್ಲ.

“ಏನಬೇ ಸರೋಜಿ, ನಿನಗ ಹೆಜ್ಜಿಗೊಮ್ಮಿ ಕುಂದ್ರು ಅಂತಾನಲ್ಲ ಮಲ್ಲಯ್ಯ! ನಾ ಬೆಳಗಿನಿಂದ ಕಿವಿ ಕೊಟ್ಟ ನಡ್ಯಾಕತ್ತೀನಿ, ನನಗ ಒಮ್ಮಿನೂ ಅನವಲ್ಲ!”

“ನೀ ಕುಂತ್ರ ಏಳಸೋರು ಯಾರಂತ ಅವಂಗ ಗೊತ್ತದ ಬಿಡಬೇ,” ಎಂದಳು ಅಕ್ಕ. ಸುತ್ತಲಿದ್ದವರು ನಕ್ಕರು. ಅಪ್ಪನೂ ನಕ್ಕ.

ಆಮೇಲೆ ಅಕ್ಕ ಉಪಾಯ ಹೂಡಿದಳು. ಕೂರಬೇಕೆನಿಸಿದಾಗಲೆಲ್ಲ ಐದು ಕಲ್ಲು ಆರಿಸಿ, “ಬಾ, ಆಣಿಕಲ್ಲ ಆಡೂಣು,” ಎನ್ನುತ್ತಿದ್ದಳು. ಅಪ್ಪ ಹಿಂತಿರುಗಿ ನೋಡಿದರೆ ಇಬ್ಬರೂ ಆಡುತ್ತಿದ್ದೆವು. ಮೇಲೆ ಹಾರಿಸಿದ ಕಲ್ಲನ್ನು ಅಕ್ಕ ಒಮ್ಮೆಯೂ ಹಿಡಿಯಲಿಲ್ಲ. ನಾನು ಗೆದ್ದೆನೆಂದು ಕುಣಿದೆ.

ಮಧ್ಯಾಹ್ನಕ್ಕೆ ಭೀಮನಕೊಳ್ಳ ತಲುಪಿದೆವು. ಬೆಟ್ಟ ಸೀಳಿದಂಥ ಕಮರಿ ಅದು. ತಳಕ್ಕಿಳಿದರೆ ನೀರು, ಎದುರಿಗೆ ಗೋಡೆಯಂಥ ಕಲ್ಲಿನ ಏರು, ಏರಿನ ತುದಿಗೆ ಕೈಲಾಸ ಬಾಗಿಲು. ಅದನ್ನು ದಾಟಿದರೆ ಹರಕೆ ಮುಗಿದಂತೆ. ರೊಟ್ಟಿ ಬಿಚ್ಚಿದೆವು. ಅಕ್ಕ ತುತ್ತು ಬಾಯಿಗಿಡಲಿಲ್ಲ. ಅಪ್ಪ ಆಕೆಯ ಬೊಗಸೆಗೆ ನೀರು ಸುರಿದ.

ಶಿವಮ್ಮ ಈಗ ನಗದೆ ಅಪ್ಪನಿಗೆ ಹೇಳಿದಳು: “ಬಸಣ್ಣ, ಹುಡುಗಿ ತುಟಿ ನೋಡಲೇ. ನೇರಳಿಹಣ್ಣ ತಿಂದಂಗ ಆಗ್ಯಾವ. ಹೆಗಲ ಮ್ಯಾಗ ಕುಂದ್ರಿಸಿಕೋ. ದೇವ್ರು ಏನೂ ಅನ್ನಂಗಿಲ್ಲ.”

ಅಪ್ಪ ಅಕ್ಕನ ಮುಂದೆ ಬಗ್ಗಿ ಕುಳಿತ. “ಬಾ ಯವ್ವಾ. ಅವಂಗ ನಾ ಉತ್ತರ ಕೊಡ್ತೀನಿ.”

“ಒಲ್ಲೆ. ಇಲ್ಲೀತನಕ ನಡದದ್ದು ಹಾಳಾಗ್ತದ. ಆಮ್ಯಾಗ ಆಪ್ರೇಶನ್ ಕೆಟ್ರ?” ಎಂದಳು ಅಕ್ಕ. ಮನೆಯಲ್ಲಿ ಕೇಳಿದ್ದನ್ನೇ ಆಕೆ ಹೇಳಿದ್ದಳು. ಅಪ್ಪ ಎದ್ದು ನಿಂತ.

ಆತ ನನ್ನತ್ತ ತಿರುಗಿದ. “ಸಣ್ಣಾಕಿ, ಅಕ್ಕನ ಕೈ ಮುಟ್ಟಿ ನೋಡು. ಹ್ಯಾಂಗದಾವ?”

ಮುಟ್ಟಿದೆ. ಬೆರಳುಗಳು ಆ ಬಿಸಿಲಲ್ಲೂ ನೀರಿನ ಕೊಡದ ತಳದಂತೆ ತಣ್ಣಗಿದ್ದವು. ಉಗುರು ನೀಲಿಯಾಗಿದ್ದವು. ಅಕ್ಕ ನನ್ನ ಕಿರುಬೆರಳನ್ನು ಗಟ್ಟಿಯಾಗಿ ಅದುಮಿದಳು. ಏನು ಹೇಳಬೇಕೆಂದು ನನಗೆ ತಿಳಿಯಿತು.

“ಬೆಚ್ಚಗ ಅದಾವಪ್ಪ,” ಎಂದೆ.

ಏರು ಹತ್ತಲು ಸಂಜೆಯವರೆಗೂ ಹಿಡಿಯಿತು. ಶಿವಮ್ಮ ಹಿಂದಿನಿಂದ ಅಕ್ಕನ ಸೊಂಟಕ್ಕೆ ಕೈಕೊಟ್ಟು ನೂಕುತ್ತಿದ್ದಳು. ಅಪ್ಪ ಒಂದೊಂದು ಮೆಟ್ಟಿಲಿಗೂ ನಿಂತು ಕಾಯುತ್ತಿದ್ದ, ಮುಟ್ಟುತ್ತಿರಲಿಲ್ಲ. ಕೈಲಾಸ ಬಾಗಿಲಲ್ಲಿ ಜನ ಜಯಕಾರ ಹಾಕಿದರು. ಅಕ್ಕ ಹೊಸ್ತಿಲು ದಾಟಿ ಕುಳಿತಳು. ಅಪ್ಪನ ಕಡೆ ನೋಡಿ, “ಹರಕಿ ತೀರಿತಲ್ಲಪ್ಪ?” ಎಂದಳು. ಅಪ್ಪ ಆಕೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯತೊಡಗಿದ.

ಮರುದಿನ ಬಸ್ಸಿನಲ್ಲಿ ಮರಳಿದೆವು. ಯುಗಾದಿ ಮುಗಿಯಿತು. ಬೆಂಗಳೂರಿಗೆ ಹೋಗಲು ಆರು ದಿನ ಉಳಿದಿರುವಾಗ, ಬೇವಿನ ಹೂ ಇನ್ನೂ ಅಂಗಳದಲ್ಲಿ ಉದುರುತ್ತಿರುವಾಗ, ಅಕ್ಕ ಹೋದಳು. ನಡೆದದ್ದೇ ಕಾರಣ ಎಂದು ಯಾರೂ ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ.

ಈಗ ಅಪ್ಪ ರಾಯಚೂರಿನಲ್ಲಿ ನಮ್ಮ ಜೊತೆಗಿದ್ದಾನೆ. ನನ್ನ ಮಗಳು ಅಕ್ಕನ ವಯಸ್ಸನ್ನು ದಾಟಿದ್ದಾಳೆ. ಈ ವರ್ಷವೂ ಪಾದಯಾತ್ರಿಗಳು ನಮ್ಮ ಬೀದಿಯಲ್ಲೇ ಹಾದುಹೋದರು. ಅವರಿಗೆ ಮಜ್ಜಿಗೆ ಕೊಟ್ಟು ಒಳಬಂದ ಅಪ್ಪನಿಗೆ, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ: ಆವತ್ತು ನಾನು ಸುಳ್ಳು ಹೇಳಿದೆ, ಅಕ್ಕನ ಕೈ ತಣ್ಣಗಿದ್ದವು.

ಅಪ್ಪ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. “ಗೊತ್ತಿತ್ತವ್ವಾ,” ಎಂದ. “ನೀರ ಹಾಕುವಾಗ ನಾನೂ ಮುಟ್ಟಿ ನೋಡಿದ್ದೆ.”

“ಮತ್ತ ನನಗ್ಯಾಕ ಕೇಳಿದಿ?”

“ಯಾರರ ಬೆಚ್ಚಗ ಅದಾವ ಅನ್ಲಿ ಅಂತ.”

ಆತ ಲೋಟ ತೊಳೆಯಲು ಬಚ್ಚಲಿಗೆ ಹೋದ. ನಾನು ಅಲ್ಲೇ ನಿಂತಿದ್ದೆ. ಅಕ್ಕ ಹೋದ ಮೇಲೂ, ಒಂದಲ್ಲ ಒಂದು ದಿನ ಕ್ಷಮೆ ಕೇಳಲು ಅಪ್ಪನಾದರೂ ಇದ್ದಾನೆ ಎಂದುಕೊಂಡೇ ದೊಡ್ಡವಳಾಗಿದ್ದೆ. ಆ ಸುಳ್ಳು ಆತನಿಗೂ ಬೇಕಾಗಿತ್ತೆಂದ ಮೇಲೆ ಈಗ ಅದೂ ಇಲ್ಲ.