ಗಾಜಿನೊಳಗಿನ ಹತ್ತು ಮಾತು

ಮಕ್ಕಳ ಹಕ್ಕುಗಳ ಬಗ್ಗೆ ಯಾರಾದರೂ ಭಾಷಣ ಶುರು ಮಾಡಿದರೆ ಇವತ್ತಿಗೂ ನನಗೆ ಎದ್ದುಹೋಗಬೇಕೆನಿಸುತ್ತದೆ. ಹಕ್ಕುಗಳ ಮೇಲೆ ನನಗೆ ಸಿಟ್ಟಿಲ್ಲ. ಅವು ನಮ್ಮ ಶಾಲೆಗೆ ಬಂದ ರೀತಿಯ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಅರವತ್ತರ ದಶಕದ ಆರಂಭ. ಹುಕ್ಕೇರಿಯಲ್ಲಿ ಹುಟ್ಟಿ ಬೆಳೆದ ನಾನು ಮೂಡಲಗಿ ಹತ್ತಿರದ ಒಂದು ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆ. ಮಗುವನ್ನು ಶಾಲೆಗೆ ಹಾಕುವ ದಿನ ಅಲ್ಲಿಯ ತಂದೆಯರು ತೆಂಗಿನಕಾಯಿಯ ಜೊತೆಗೆ ಹೊಡೆಯಲೆಂದು ಒಂದು ಹುಣಸೆ ಬರಲನ್ನೂ ತಂದು ಕೊಡುತ್ತಿದ್ದರು. "ಕಣ್ಣೆರಡು ಉಳಸ್ರಿ, ಬಾಕಿ ಎಲ್ಲಾ ನಿಮ್ಮ ಕೈಯಾಗ ಐತಿ" ಎಂದು ಕೈಮುಗಿಯುತ್ತಿದ್ದರು. ಮೊದಲ ವರ್ಷ ನನ್ನ ಕೈಗೆ ಬಂದ ಬರಲುಗಳನ್ನೆಲ್ಲ ಮುರಿದು ಒಲೆಗೆ ಹಾಕಿ ಚಹಾ ಕಾಸಿಕೊಂಡೆ. ಈ ಅಕ್ಕಾರು ಹೊಡೆಯುವುದಿಲ್ಲ, ಅಂದರೆ ಕಲಿಸುವುದೂ ಇಲ್ಲ ಎಂದು ಊರಲ್ಲಿ ಸುದ್ದಿಯಾಯಿತು.

ಒಂದು ದಿನ ಗೋಕಾಕದ ಶಿಕ್ಷಣ ಕಚೇರಿಯಿಂದ ಟಪಾಲಿನಲ್ಲಿ ಒಂದು ಕಾಗದ ಬಂತು. ಜಗತ್ತಿನ ದೇಶಗಳೆಲ್ಲ ಒಂದು ಕಡೆ ಕೂತು ಮಕ್ಕಳ ಹಕ್ಕುಗಳನ್ನು ಹತ್ತು ಮಾತಿನಲ್ಲಿ ಸಾರಿದ್ದವು. ಇದು ಅದರ ಕನ್ನಡ ಅನುವಾದ. ಗೋಡೆಗೆ ತೂಗುಹಾಕಿ ಎಂದು ಕೆಳಗೆ ಬರೆದಿತ್ತು. ಅಲಕ್ಷ್ಯ, ಕ್ರೌರ್ಯ, ಶೋಷಣೆಗಳಿಂದ ಮಗುವನ್ನು ಕಾಪಾಡಬೇಕೆಂಬುದು ಒಂಬತ್ತನೆಯ ಮಾತು. ಅದನ್ನು ಓದಿ ನನ್ನ ಕಣ್ಣು ತುಂಬಿತು. ಎಲ್ಲೋ ದೂರದಲ್ಲಿ ಯಾರೋ ನನ್ನ ಪರವಾಗಿ ಮಾತಾಡಿದ್ದಾರೆ ಎನಿಸಿ, ಕಾಗದವನ್ನು ಒಯ್ದು ಹೆಡ್‌ಮಾಸ್ತರರ ಮುಂದೆ ಹರಡಿದೆ.

"ಓದ್ರಿ ಸರ. ಇನ್ನರೆ ಆ ಛಡಿ ಒಳಗಿಡ್ರಿ" ಅಂದೆ, ಅವರ ಮೇಜಿನ ಮೇಲಿದ್ದ ಬೆತ್ತ ತೋರಿಸಿ.

ಅವರು ಕೆಟ್ಟವರಲ್ಲ. ಕನ್ನಡಕ ಏರಿಸಿ ಎರಡು ಸಲ ಓದಿದರು, ಮಾರನೆಯ ದಿನವೇ ಬಸ್ ಹತ್ತಿ ಗೋಕಾಕಕ್ಕೆ ಹೋಗಿ ಕಾಗದಕ್ಕೆ ಗಾಜಿನ ಚೌಕಟ್ಟು ಹಾಕಿಸಿಕೊಂಡು ಬಂದರು. ಆದರೆ ಗೋಡೆಗೆ ಬಂದದ್ದೆಲ್ಲ ಮಕ್ಕಳ ಬಾಯಿಗೂ ಬರಬೇಕೆಂಬುದು ನಮ್ಮ ಶಾಲೆಯ ಪದ್ಧತಿ. ನಕಾಶೆಯ ನದಿಗಳಿರಲಿ, ಸಿಡುಬಿನ ಲಸಿಕೆಯ ಸೂಚನೆಯನ್ನು ಸಹ ಮಕ್ಕಳು ಉರು ಹೊಡೆದಿದ್ದರು.

"ಇನ್ಸ್‌ಪೆಕ್ಟರ್ ಸಾಹೇಬ್ರು ಬರೂದ್ರಾಗ ನಿಮ್ಮ ಇಯತ್ತೆದವ್ರಿಗೆ ಈ ಹತ್ತೂ ಬಾಯಿಪಾಠ ಆಗಬೇಕ್ರಿ ಅಕ್ಕಾರ. ತಪ್ಪಿದ ಮಾತಿಗೆ ಒಂದೊಂದು ಛಡಿ" ಅಂದರು ಹೆಡ್‌ಮಾಸ್ತರರು.

"ಹೊಡಿಬ್ಯಾಡ್ರಿ ಅನ್ನೂದನ್ನ ಹೊಡದು ಕಲಸ್ತೀರೇನ್ರಿ ಸರ?"

"ಮತ್ತ ಹೆಂಗ ಕಲೀತಾವ್ರಿ ಅವು?"

ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಇಂಥವರ ಜೊತೆ ಏನು ಜಗಳವಾಡುವುದು? ನಾನು ಹಣೆ ಚಚ್ಚಿಕೊಂಡು ಹೊರಗೆ ಬಂದೆ.

ನನ್ನ ತರಗತಿಯಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಯಿದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು, ಬಾಯಿಪಾಠ ಮಾತ್ರ ಹತ್ತದು. ಎಂಟು ಮಾತು ಹೇಗೋ ಒಪ್ಪಿಸಿ ಒಂಬತ್ತನೆಯದಕ್ಕೆ ನಿಂತುಬಿಡುತ್ತಿದ್ದಳು. ಹೊಲದ ಕೂಲಿ ಮಾಡುತ್ತಿದ್ದ ಅವಳಪ್ಪ ಒಂದು ದಿನ ಶಾಲೆಯ ಕಟ್ಟೆಗೆ ಬಂದು ನಿಂತ.

"ಸಾಹೇಬ್ರ ಮುಂದ ಒಪ್ಪಿಸಿದ್ರ ಮುಂದಿನ ಇಯತ್ತೆಗಿ ಕಳಸ್ತೇನ್ರಿ ಅಕ್ಕಾರ. ಇಲ್ಲಂದ್ರ ಮರುದಿನದಿಂದ ನನ್ನ ಕೂಡ ಹೊಲಕ್ಕ ಬರ್ತಾಳ. ನೀವು ನಾಕು ಹೊಡದಿದ್ರ ಇಷ್ಟೊತ್ತಿಗೆ ಬರ್ತಿತ್ತು."

ಆ ಮಾತನ್ನು ಅವಳಿಗೆ ಹಾಡಿನಂತೆ ಹೇಳಿಕೊಟ್ಟೆ, ಪಾಟಿಯ ಮೇಲೆ ಹತ್ತು ಸಲ ಬರೆಸಿದೆ. ಕ್ರೌರ್ಯ ಎಂಬ ಶಬ್ದ ಅವಳ ನಾಲಿಗೆಯ ಮೇಲೆ ಹೊರಳಲೇ ಇಲ್ಲ. ಸಾಹೇಬರು ಬರಲು ನಾಲ್ಕು ದಿನ ಉಳಿದಾಗ ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ಹೆಡ್‌ಮಾಸ್ತರರ ಮೇಲೆ, ಅವಳಪ್ಪನ ಮೇಲೆ, ಇಂಥ ಗಂಟಲಿಗಿಳಿಯದ ಕನ್ನಡ ಬರೆದ ಪುಣ್ಯಾತ್ಮನ ಮೇಲೆ. ಕೈಗೆ ಸಿಕ್ಕವಳು ಮಾತ್ರ ಅವಳು. ಛಡಿ ತರಿಸಿ ಅಂಗೈ ಮೇಲೆ ಹೊಡೆದೆ. ನಾಲ್ಕೂ ದಿನ ಹೊಡೆದೆ. ಅವಳ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಆ ಊರಿನಲ್ಲಿ ಹೊಡೆಯುವವರೆಲ್ಲ ಹಾಗೆಯೇ ಹೇಳಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ಸಂಜೆ ಮಾತು ತಪ್ಪಿಲ್ಲದೆ ಬಂತು.

ಸಾಹೇಬರು ಬಂದರು, ಗಾಜಿನ ಚೌಕಟ್ಟು ನೋಡಿ ಮೆಚ್ಚಿದರು. ಅವಳ ಸರದಿ ಬಂತು. ಎಂಟು ಮಾತು ಹೇಳಿದಳು. ಒಂಬತ್ತನೆಯದಕ್ಕೆ ಕಣ್ಣು ಮುಚ್ಚಿ, ಯಾರೂ ಕೇಳದೆ ಬಲಗೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಒಂದು ಅಕ್ಷರವೂ ತಪ್ಪದಂತೆ ಒಪ್ಪಿಸಿದಳು.

"ಶಾಭಾಸ್. ಅಭಿನಯ ಮಾಡಿ ಹೇಳ್ತಾಳಲ್ರಿ" ಅಂದರು ಸಾಹೇಬರು. ಹೆಡ್‌ಮಾಸ್ತರರು ಹಿಗ್ಗಿ ನನ್ನ ಕಡೆ ನೋಡಿದರು. ಬಾಗಿಲ ಹೊರಗೆ ನಿಂತಿದ್ದ ಅಪ್ಪ ತಲೆಯಾಡಿಸಿದ. ಅಲ್ಲಿಗೆ ಅವಳ ಮುಂದಿನ ಓದು ಖಾತ್ರಿಯಾಯಿತು.

ಅವಳು ಹತ್ತನೆಯದನ್ನೂ ಮುಗಿಸಿದಳು. ಚಾಚಿದ ಕೈ ಇನ್ನೂ ಹಾಗೆಯೇ ಇತ್ತು. ಸಾಹೇಬರ ಕಡೆ ನೋಡದೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು: "ಕೈ ಇಳಸ್ಲೇನ್ರಿ ಅಕ್ಕಾರ?"