ಸೋದರತ್ತೆಯ ಬೆನ್ನ ಮೇಲಿನ ನವಿಲು

ನಮ್ಮ ಮನೆಯವರು ಹಗಲಿನಲ್ಲಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಉಳಿದ ಹೊತ್ತಿನಲ್ಲಿ ನಾಟಕದ ಪರದೆ ಬರೆಯುವವರು. ಮದುವೆಯಾದ ಹೊಸದರಲ್ಲಿ ನಾವು ಕಾಟನ್‌ಪೇಟೆಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೆವು. ಅಲ್ಲಿ ಪರದೆಯನ್ನು ಪೂರ್ತಿ ಬಿಚ್ಚಲು ಜಾಗವೇ ಇರಲಿಲ್ಲ. ಅರ್ಧ ಬಿಚ್ಚಿ ಬರೆದು, ಒಣಗಿದ ಮೇಲೆ ಸುತ್ತಿಟ್ಟು, ಇನ್ನರ್ಧ ಬಿಚ್ಚಬೇಕು. ಹಾಗೆ ಬರೆದ ಒಂದು ಅರಮನೆಯನ್ನು ರಂಗದ ಮೇಲೆ ಇಳಿಬಿಟ್ಟಾಗ ಎಡಗಡೆಯ ಕಂಬಗಳು ಬಲಗಡೆಯವಕ್ಕಿಂತ ಒಂದು ಗೇಣು ಕುಳ್ಳಗಿದ್ದವು. ರಾಜನ ಪಾತ್ರದವನು ಇಡೀ ದರ್ಬಾರನ್ನು ಬಲಗಡೆಯಲ್ಲೇ ನಿಂತು ನಡೆಸಿದನಂತೆ.

ಆಮೇಲೆ ಪ್ಲೇಗು ಬಂತು, ಹೋಯಿತು. ಸರ್ಕಾರದವರು ಬಸವನಗುಡಿಯಲ್ಲಿ ಹೊಸ ಬಡಾವಣೆ ಮಾಡಿದರು. ಅಗಲವಾದ ಬೀದಿಗಳು, ದೊಡ್ಡ ದೊಡ್ಡ ನಿವೇಶನಗಳು. ಜನ ಮಾತ್ರ ಇಲ್ಲ. ಸಂಜೆಯಾದರೆ ನರಿ ಕೂಗುತ್ತವೆ ಎಂದು ಪೇಟೆಯವರು ಆ ಕಡೆ ಬರಲು ಹೆದರುತ್ತಿದ್ದರು. ಅಲ್ಲಿ ಮನೆ ಕಟ್ಟಿಸಿದ್ದ ಯಜಮಾನರೊಬ್ಬರು ತಾವು ಪೇಟೆಯಲ್ಲೇ ಉಳಿದು, ದಿನಾ ದೀಪ ಹಚ್ಚುವವರು ಸಿಕ್ಕರೆ ಸಾಕೆಂದು ನಮ್ಮ ಕೈಗೆ ಬೀಗದಕೈ ಕೊಟ್ಟರು. ಬಾಡಿಗೆ ಕಾಟನ್‌ಪೇಟೆಯ ಕೋಣೆಗಿಂತ ಕಡಿಮೆ. ಅವರು ಮನಸ್ಸು ಬದಲಾಯಿಸುವ ಮೊದಲೇ ನಾವು ಗಾಡಿಯಲ್ಲಿ ಪಾತ್ರೆಪಗಡೆ ಹೇರಿಕೊಂಡು ಬಂದುಬಿಟ್ಟೆವು.

ಆ ಮನೆಯ ಹಿತ್ತಲನ್ನು ನೋಡಿ ಇವರು ಚಿಕ್ಕ ಹುಡುಗನ ಹಾಗೆ ಒಂದು ಸುತ್ತು ಓಡಿಬಂದರು. ಎರಡು ತೆಂಗಿನ ಮರಗಳ ನಡುವೆ ಹಗ್ಗ ಕಟ್ಟಿದರೆ ಒಂದಿಡೀ ಪರದೆ ನಿಲ್ಲುತ್ತಿತ್ತು. ಅಂದಿನಿಂದ ನಮ್ಮ ಸಂಸಾರ ಕಾಡು, ಕೋಟೆ, ಕೈಲಾಸಗಳ ಮಗ್ಗುಲಲ್ಲೇ ನಡೆಯಿತು. ನಾಲ್ಕು ವರ್ಷದ ಮಗಳ ಪಾದಗಳು ಯಾವಾಗಲೂ ನೀಲಿ. ಹಿತ್ತಲ ಒಲೆಯ ಮೇಲೆ ನಾನು ಒಂದು ಕಡೆ ಸಾರು, ಇನ್ನೊಂದು ಕಡೆ ಬಣ್ಣಕ್ಕೆ ಹಾಕುವ ಅಂಟು ಕಾಯಿಸುತ್ತಿದ್ದೆ. ಗಂಡುಮಗು ಹುಟ್ಟಿದ ಮೇಲೆ ಇವರು ಜೋಲಿಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮಗುವನ್ನು ತೂಗುತ್ತಲೇ ಮೋಡ ಬರೆಯುತ್ತಿದ್ದರು. ಆ ವರ್ಷ ಇವರು ಬರೆದ ಮೋಡಗಳೆಲ್ಲ ಒಂದೇ ಕಡೆ ವಾಲಿಕೊಂಡಿವೆ.

ಮಗುವಿಗೆ ಮೂರು ತಿಂಗಳು ತುಂಬಿದಾಗ ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡೆವು. ಅದೇ ವಾರ ಒಂದು ನಾಟಕ ಕಂಪನಿಯ ಉದ್ಯಾನವನದ ಪರದೆ ಮುಗಿಯಬೇಕಿತ್ತು. ಕೊಳ, ತಾವರೆ, ಹೂಬಳ್ಳಿ, ನೆಲದ ಮೇಲೆ ನಿಂತ ಒಂದು ನವಿಲು. ಶಾಸ್ತ್ರದ ದಿನ ಬೆಳಿಗ್ಗೆ ಇವರು ನವಿಲಿಗೆ ಕೊನೆಯ ಬಣ್ಣ ಕೊಟ್ಟು ಏಳುವಷ್ಟರಲ್ಲಿ ಆಕಾಶ ಕಪ್ಪಾಯಿತು. ಇಬ್ಬರೂ ಓಡಾಡಿ ಪರದೆಯನ್ನು ಬಿಚ್ಚಿ ತಂದು ಪಡಸಾಲೆಯ ಗೋಡೆಗೆ ತೂಗುಹಾಕಿದೆವು. ಮಳೆ ಸುರಿಯತೊಡಗಿತು. ತೊಟ್ಟಿಲು ಕಟ್ಟಲು ಪಡಸಾಲೆ ಬಿಟ್ಟು ಬೇರೆ ಜಾಗವಿರಲಿಲ್ಲ. ಕೊಳದ ಮುಂದೆಯೇ ಕಟ್ಟಿದೆವು.

ಬಂದವರಲ್ಲಿ ಮೊದಲಿಗರು ಇವರ ಸೋದರತ್ತೆ. ಚಾಮರಾಜಪೇಟೆಯಲ್ಲಿ ಮನೆ. ಇವರನ್ನು ಎತ್ತಿ ಆಡಿಸಿ ಬೆಳೆಸಿದವರು. ಅಷ್ಟೇ ಗಟ್ಟಿಯಾಗಿ ಬೈಯುವವರು. ನಾಟಕದವರ ಸಹವಾಸ ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಮೇಷ್ಟ್ರ ಕೆಲಸದ ಜೊತೆಗೆ ಇದೆಂಥ ಹುಚ್ಚು ಎಂದು ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಅಂದೂ ಕೆಂಪು ಅಂಚಿನ ಬಿಳಿ ರೇಷ್ಮೆ ಸೀರೆ ಉಟ್ಟು, ಜಟಕಾದಿಂದ ಇಳಿದು, ಪರದೆಯ ಕಡೆ ಕಣ್ಣೆತ್ತಿಯೂ ನೋಡದೆ ಅದಕ್ಕೆ ಬೆನ್ನು ತಿರುಗಿಸಿ ಮಣೆಯ ಮೇಲೆ ಕುಳಿತರು. ಕುಳಿತು, ದಣಿವಾಗಿತ್ತೋ ಏನೋ, ಹಿಂದಕ್ಕೆ ಒರಗಿದರು.

ಒರಗಿದ್ದು ಹಸಿ ನವಿಲಿಗೆ.

ನಾನು ನೋಡಿದೆ, ಇವರೂ ನೋಡಿದರು. ಇವರು ಕಣ್ಸನ್ನೆಯಲ್ಲೇ ನನ್ನನ್ನು ಮುಂದೆ ತಳ್ಳಿದರು, ನಾನು ಇವರನ್ನು. ಶಾಸ್ತ್ರ ಶುರುವಾಯಿತು, ಆರತಿಯ ತಟ್ಟೆ ಹಿಡಿದು ಅತ್ತೆ ಎದ್ದು ತೊಟ್ಟಿಲ ಕಡೆ ತಿರುಗಿ ನಿಂತರು. ಬಿಳಿ ರೇಷ್ಮೆಯ ತುಂಬ ಒಂದು ನವಿಲು, ಕೊರಳು ಕೊಂಕಿಸಿಕೊಂಡು, ಗರಿ ಇಳಿಬಿಟ್ಟುಕೊಂಡು ನಿಂತಿತ್ತು. ಪರದೆಯಲ್ಲಿ ಎಡಕ್ಕೆ ನೋಡುತ್ತಿದ್ದದ್ದು ಇಲ್ಲಿ ಬಲಕ್ಕೆ ನೋಡುತ್ತಿತ್ತು, ಅಷ್ಟೇ. ಹಿಂದೆ ಕುಳಿತಿದ್ದ ಹೆಂಗಸರು ಲಾಲಿ ಹಾಡಲು ಬಾಯಿ ತೆರೆದವರು ತೆರೆದಂತೆಯೇ ಉಳಿದರು. ಒಬ್ಬರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಇನ್ನೊಬ್ಬರು ಧೈರ್ಯ ಮಾಡಿ ಹಾಡು ಎತ್ತಿದರು, ಎರಡನೆಯ ಸಾಲಿಗೆ ದನಿ ಒಡೆದು ಗೊರಗೊರ ಸದ್ದಾಯಿತು. ಅತ್ತೆ ಹುಬ್ಬು ಗಂಟಿಕ್ಕಿ ಹಿಂತಿರುಗಿ ನೋಡಿದರೆ ಎಲ್ಲರೂ ಗಂಭೀರ. ಮುಂದೆ ತಿರುಗಿದರೆ ಮತ್ತೆ ಭುಜಗಳು ಕುಲುಕುತ್ತಿದ್ದವು. ನನಗೆ ನಗು ತಡೆಯಲಾರದೆ ಕಣ್ಣಲ್ಲಿ ನೀರು. ಮಗುವಿನ ಶುಭಕಾರ್ಯಕ್ಕೆ ತಾಯಿ ಕಣ್ಣೀರು ಹಾಕಬಾರದೆಂದು ಅತ್ತೆ ನನಗೇ ಬುದ್ಧಿ ಹೇಳಿದರು.

ಕೊನೆಗೆ ಹೇಳಿದ್ದು ಮಗಳು. "ಅಜ್ಜಿ, ನಿಮ್ ಬೆನ್ ಮೇಲೆ ನವಿಲು ಬಂದಿದೆ."

ಅತ್ತೆ ನಿಧಾನವಾಗಿ ಪರದೆಯ ಕಡೆ ತಿರುಗಿದರು. ಅಲ್ಲಿ ಹೂಬಳ್ಳಿಯ ಕೆಳಗೆ ಒಂದು ಮಸುಕು ಕಲೆ. ಕಲೆಯ ಕೆಳಗೆ ಎರಡು ಕಾಲು ಮಾತ್ರ ಅಚ್ಚುಕಟ್ಟಾಗಿ ನಿಂತಿದ್ದವು. ಇವರು ಕಂಬದ ಮರೆಗೆ ಸರಿದರು. ಅತ್ತೆ ಎರಡು ಕನ್ನಡಿ ತರಿಸಿ, ಒಂದನ್ನು ನನ್ನಿಂದ ಹಿಂದೆ ಹಿಡಿಸಿ, ಇನ್ನೊಂದನ್ನು ತಾವು ಮುಂದೆ ಹಿಡಿದು, ಬಹಳ ಹೊತ್ತು ನೋಡಿಕೊಂಡರು.

"ಲೋ, ಇಲ್ ಬಾ," ಎಂದು ಇವರನ್ನು ಕರೆದರು. "ಇದನ್ನ ನೀನೇ ಬರ್ದಿದ್ದೇನೋ?"

ಇವರು ಹೌದೆಂದು ತಲೆಯಾಡಿಸಿ, ಒಗೆದರೆ ಹೋಗುವ ಬಣ್ಣ, ಹೆದರಬೇಡಿ ಎಂದು ಏನೇನೋ ತೊದಲಿದರು.

"ಒಗೆಯೋದು ಹಾಗಿರ್ಲಿ. ಕಣ್ಣು ಎಷ್ಟು ಚೆನ್ನಾಗ್ ಬರ್ದಿದೀಯ. ಕಾಲ್ ಯಾಕೋ ಅಲ್ಲೇ ಬಿಟ್ಬಿಟ್ಟೆ?"

ಅಷ್ಟು ಹೇಳಿ ಅತ್ತೆಯೇ ಮೊದಲು ನಕ್ಕರು. ಆಮೇಲೆ ಆ ಪಡಸಾಲೆಯಲ್ಲಿ ಯಾರು ಯಾರ ಮೇಲೆ ಬಿದ್ದು ನಕ್ಕರೋ ಹೇಳಲಾರೆ. ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಅತ್ತಿತು, ಅದನ್ನು ಎತ್ತಿಕೊಂಡು ಮತ್ತೆ ನಕ್ಕೆವು.

ಆದರೆ ಮರುದಿನ ಕಂಪನಿಯವರು ಬರುವವರಿದ್ದರು. ಊಟ ಮುಗಿದ ಮೇಲೆ ಇವರು ನವಿಲನ್ನು ಮತ್ತೆ ಬರೆಯಲು ಕುಳಿತರೆ ಕೈಯೇ ನಿಲ್ಲದು. ಕುಂಚ ಇಟ್ಟರೆ ಅತ್ತೆಯ ಬೆನ್ನು ನೆನಪಾಗಿ ಕೊರಳು ಸೊಟ್ಟಗಾಗುತ್ತಿತ್ತು. ಸಾಕಾಗಿ ಕುಂಚವನ್ನು ನನ್ನ ಕೈಗಿಟ್ಟರು. ಅಲ್ಲಿಯವರೆಗೆ ನಾನು ಬಾಗಿಲ ಮುಂದೆ ರಂಗೋಲಿ ಬಿಟ್ಟು ಬೇರೇನೂ ಬರೆದವಳಲ್ಲ. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ನನಗೆ ಕಾಣುವಂತೆ ಬೆನ್ನು ಮಾಡಿ ಕುಳಿತರು.

"ನೋಡ್ಕೊಂಡು ಬರಿಯಮ್ಮ. ನಾನ್ ಅಲ್ಲಾಡಲ್ಲ."

ಅವರ ಬೆನ್ನು ನೋಡುತ್ತ, ಎಡಬಲ ಅದಲುಬದಲು ಮಾಡಿಕೊಳ್ಳುತ್ತ, ಆ ಎರಡು ಕಾಲುಗಳ ಮೇಲೆ ನಾನೊಂದು ನವಿಲನ್ನು ನಿಲ್ಲಿಸಿದೆ. ಮೈಯೆಲ್ಲ ಹಗುರವಾಗಿತ್ತು. ನವಿಲು ತುಸು ದಪ್ಪಗಾಯಿತು. ಇವರು ದೂರ ನಿಂತು ನೋಡಿ, ಒಂದು ಗರಿಯನ್ನೂ ತಿದ್ದುವುದಿಲ್ಲ ಎಂದರು.

ನಾಟಕಕ್ಕೆ ಅತ್ತೆಯೂ ಬಂದರು, ಅದೇ ಸೀರೆ ಉಟ್ಟುಕೊಂಡು. ಅದಕ್ಕೆ ಇನ್ನೂ ನೀರು ತೋರಿಸಿರಲಿಲ್ಲ. ಉದ್ಯಾನದ ಪರದೆ ಇಳಿದಾಗ ಹೆಂಗಸರ ಸಾಲಿನಲ್ಲಿ ಎದ್ದು ನಿಂತು, ಎಲ್ಲರಿಗೂ ಕಾಣುವಂತೆ ಒಮ್ಮೆ ತಿರುಗಿ, ಮತ್ತೆ ಕುಳಿತರು. ನಾಯಕಿ ಏನು ಹಾಡಿದಳೋ ನನಗೆ ಗೊತ್ತಿಲ್ಲ. ಅವಳು ನನ್ನ ನವಿಲಿಗೆ ಅಡ್ಡ ನಿಂತಾಗಲೆಲ್ಲ ಪಕ್ಕಕ್ಕೆ ಬಾಗಿ ನೋಡುತ್ತಿದ್ದೆ.

ಕಂಪನಿಯ ಮಾಲೀಕರಿಗೆ ದಪ್ಪ ನವಿಲು ಹಿಡಿಸಿತು. ಮುಂದಿನ ನಾಟಕಕ್ಕೆ ಸಮುದ್ರದ ಪರದೆ ಬೇಕು, ಇಬ್ಬರೂ ಸೇರಿ ಬರೆದುಕೊಡಿ ಎಂದು ಹೇಳಿಹೋದರು. ನಮ್ಮಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಆ ಭಾನುವಾರ ಬುತ್ತಿ ಕಟ್ಟಿಕೊಂಡು, ಅತ್ತೆಯನ್ನೂ ಕರೆದುಕೊಂಡು, ಅಲೆಗಳನ್ನು ಕಲಿಯಲು ಕೆಂಪಾಂಬುಧಿ ಕೆರೆಗೆ ಹೋದೆವು. ಗಾಳಿಯಿಲ್ಲದೆ ಕೆರೆ ತಟ್ಟೆಯಂತೆ ಮಲಗಿತ್ತು. ಇವರು ಕಾಗದ ಹಿಡಿದು ಕಾದು ಕುಳಿತರು. ಆಗ ಅತ್ತೆ ಸೀರೆ ಎತ್ತಿ ಕಟ್ಟಿ, ಮೊಮ್ಮಗಳ ಕೈ ಹಿಡಿದು ಮೊಣಕಾಲುದ್ದ ನೀರಿಗಿಳಿದು, ದಬದಬನೆ ಕುಣಿಯತೊಡಗಿದರು.

"ಬೇಗ ಬರ್ಕೊಳ್ಳೋ," ಎಂದು ಅಲ್ಲಿಂದಲೇ ಕೂಗಿದರು. ನಾನು ಮಗುವನ್ನು ಇವರ ತೊಡೆಗೆ ಹಾಕಿ, ನೀರಿಗಿಳಿದೆ.