ಐದು ನಿಮಿಷ ಮುಂದಿದ್ದ ಮೆಷಿನ್

ಜಯನಗರದ ನಮ್ಮ ಮನೆಯಲ್ಲಿ ಗಡಿಯಾರಗಳೆಲ್ಲ ಐದು ನಿಮಿಷ ಮುಂದಿರುತ್ತಿದ್ದವು. ಅದು ಅಪ್ಪನ ಕಟ್ಟಳೆ. ಬಸ್ಸು ತಪ್ಪಬಾರದೆಂದು ಮುಳ್ಳು ಮುಂದಿಡುವುದು, ಆಮೇಲೆ ‘ಇನ್ನೂ ಐದು ನಿಮಿಷ ಇದೆ ಬಿಡು’ ಎಂದು ಇನ್ನೊಂದು ಲೋಟ ಕಾಫಿ ಕುಡಿಯುವುದು. ನನ್ನ ಕೈಗಡಿಯಾರವೂ ಅದೇ ಮನೆಯದು.

ಎಂಬತ್ತರ ದಶಕದ ನಡುವಿನಲ್ಲಿ ಜೆ.ಪಿ. ನಗರದ ಸಣ್ಣ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಸರ್ವರ್ ಎಂಬ ಮಾತು ಆಗ ನಮ್ಮ ಬಾಯಲ್ಲಿರಲಿಲ್ಲ; ಎಸಿ ಕೋಣೆಯಲ್ಲಿದ್ದ ಅದನ್ನು ದೊಡ್ಡ ಮೆಷಿನ್ ಎನ್ನುತ್ತಿದ್ದೆವು. ಸಂಜೆ ಆರಿಸಿದರೆ ಅದಕ್ಕೆ ಹೊತ್ತು ಮರೆತುಹೋಗುತ್ತಿತ್ತು. ಬೆಳಿಗ್ಗೆ ಗಂಟೆ ಎಷ್ಟೆಂದು ಕೇಳುತ್ತಿತ್ತು, ನಾನು ಕೈಗಡಿಯಾರ ನೋಡಿ ಒತ್ತುತ್ತಿದ್ದೆ. ಗೇಟಿನಲ್ಲಿ ಮೆಷಿನ್ನಿಗೆ ಜೋಡಿಸಿದ್ದ ಕೀಲಿಮಣೆಯಲ್ಲಿ ಗುಮಾಸ್ತ ಕೆಲಸಗಾರರ ನಂಬರ್ ಹಾಕಿದರೆ, ಅವರು ಬಂದ ಹೊತ್ತನ್ನು ಮೆಷಿನ್ನೇ ದಾಖಲಿಸುತ್ತಿತ್ತು.

ಜೋಡಣೆ ವಿಭಾಗದ ಒಬ್ಬ ಹೆಂಗಸು ಹುಳಿಮಾವಿನಿಂದ ಬರುತ್ತಿದ್ದಳು. ಅವಳಿಗಿದ್ದದ್ದು ಒಂದೇ ಬಸ್ಸು. ಆ ತಿಂಗಳ ಕೊನೆಗೆ ಅವಳ ಕೆಲಸ ಕಾಯಂ ಆಗಬೇಕಿತ್ತು. ಎಂಟೂವರೆ ದಾಟಿ ಮೂರು ಸಲ ಬಂದರೆ ಕಾಯಂ ಇಲ್ಲ. ಮೂರನೆಯದು ಬಿದ್ದ ದಿನ ನನ್ನ ಬಾಗಿಲಿಗೆ ಬಂದಳು.

“ಮೇಡಂ, ನಾನು ಗೇಟ್ ಒಳಗೆ ಬಂದ್ಮೇಲೇ ಪಕ್ಕದ ಫ್ಯಾಕ್ಟ್ರಿ ಎಂಟೂವರೆ ಸೈರನ್ ಆಗಿದ್ದು.”

“ಸೈರನ್ ಗೀರನ್ ನಂಗೊತ್ತಿಲ್ಲ. ಕಂಪ್ಯೂಟರ್ ಸುಳ್ಳು ಹೇಳಲ್ಲ,” ಎಂದು ರೇಗಿದೆ. ಹೊಸ ಕೆಲಸದ ಜಂಬ ನೆತ್ತಿಗೇರಿತ್ತು.

ಆದರೂ ಅವಳ ಮಾತು ವಾರವಿಡೀ ಕೊರೆಯಿತು. ಅವಳದೇ ತಪ್ಪೆಂದು ಸಾಧಿಸಲು ಅಪ್ಪನ ಟ್ರಾನ್ಸಿಸ್ಟರ್ ಹೊತ್ತು ತಂದೆ. ಎಂಟು ಗಂಟೆಯ ವಾರ್ತೆಗೆ ಮುಂಚಿನ ಕೊನೆಯ ‘ಪೀಂ’ ಕೇಳಿದಾಗ ನನ್ನ ಗಡಿಯಾರದಲ್ಲಿ ಎಂಟೂ ಐದು. ಗೊತ್ತಿದ್ದ ಸಂಗತಿಯೇ, ಅಷ್ಟು ದಿನ ಹೊಳೆದಿರಲಿಲ್ಲ. ಮನೆಯಲ್ಲಿ ನಾವು ಆ ಐದು ನಿಮಿಷವನ್ನು ಮನಸ್ಸಿನಲ್ಲೇ ಕಳೆಯುತ್ತಿದ್ದೆವು, ಮೆಷಿನ್ ಕಳೆಯುತ್ತಿರಲಿಲ್ಲ. ನೇರ ಮ್ಯಾನೇಜರ್ ಬಳಿ ಹೋಗಿ ಇದ್ದದ್ದನ್ನು ಹೇಳಿದೆ.

ಮ್ಯಾನೇಜರ್ ನಕ್ಕರು. “ಮುಂದಿದ್ರೆ ಒಳ್ಳೇದೇ ಅಲ್ವೇನಮ್ಮಾ, ಜನ ಬೇಗ ಬರ್ತಾರೆ. ಬಾಯ್ಬಿಟ್ರೆ ನಿನ್ನ ಕೆಲಸಕ್ಕೇ ಸಂಚಕಾರ.”

“ತಪ್ಪು ನನ್ನದು ಅಂತ ಬರ್ದು ಕೊಡ್ತೀನಿ ಸಾರ್. ಅವಳ ಮೂರು ಲೇಟೂ ಐದು ನಿಮಿಷದೊಳಗಿನವೇ, ಹೊಡೆದು ಹಾಕಿ.”

ಬರೆದುಕೊಟ್ಟೆ. ಅವರು ಮೂರಕ್ಕೂ ಗೀಟು ಎಳೆಯುವವರೆಗೆ ಮೇಜಿನ ಮುಂದಿಂದ ಕದಲಲಿಲ್ಲ. ನಾನು ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು. ಹೋಗಲಿ ಎಂದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಎಂಟು ಗಂಟೆಯೆಂದು ಟೈಪ್ ಮಾಡಿ, ಕೀಲಿಯ ಮೇಲೆ ಬೆರಳಿಟ್ಟು ಕಾದು, ಕೊನೆಯ ‘ಪೀಂ’ಗೆ ಒತ್ತುತ್ತಿದ್ದೆ. ನಡುವೆ ಕರೆಂಟು ಹೋಗಿ ಬಂದರೆ ಫೋನಿನಲ್ಲಿ ಹೊತ್ತು ಹೇಳುವ ನಂಬರನ್ನು ಸಿಗುವವರೆಗೂ ತಿರುಗಿಸುತ್ತಿದ್ದೆ.

ಕಾಯಂ ಆದ ಕಾಗದ ಹಿಡಿದು ಅವಳು ಮತ್ತೆ ಬಾಗಿಲಿಗೆ ಬಂದಳು. ನಾನು ಕ್ಷಮೆ ಕೇಳಿದೆ.

“ಅಯ್ಯೋ ಬಿಡಿ ಮೇಡಂ. ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದ್ರಲ್ಲ, ಬಸ್ಸೇ ಲೇಟು ಅಂದ್ಕೊಂಡೆ. ಆ ವಾರ ಪೂರ್ತಿ ಹುಳಿಮಾವಿಂದ ನಡ್ಕೊಂಡೇ ಬಂದೆ.”

ಸಂಜೆ ಮನೆಗೆ ಬಂದವಳೇ ಸ್ಟೂಲು ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ. ಅಪ್ಪ ಕೂಗಾಡಿದರು. ಸರಿಯಾಗುವವರೆಗೂ ನಾನು ಇಳಿಯಲಿಲ್ಲ.